ಏರಿನಲ್ಲಿ ಎಳೆಯದಿದ್ದರೆ ಟರ್ಬೋ ಹೋಗಿದೆ ಅಂತಲ್ಲ

ಟರ್ಬೋ ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿ ಏರಿನಲ್ಲಿ ಎಳೆಯದೆ ಹೋದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಟರ್ಬೋ ಹೋಗಿದೆ ಅನ್ನುವ ಮಾತೇ. ಟರ್ಬೋ ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಮಾನು. ಮಂಡ್ಯದ ನನ್ನ ಶೆಡ್ಡಿಗೆ ಬರುವ ಇಂಥ ಗಾಡಿಗಳಲ್ಲಿ ನಿಜವಾಗಿ ಟರ್ಬೋ ಕೆಟ್ಟಿರುವುದು ಕಡಿಮೆ. ಹೋದ ಕಬ್ಬಿನ ಸೀಸನ್ನಿನಲ್ಲಿ ಪಾಂಡವಪುರ ಕಡೆಯ ಗೌಡರೊಬ್ಬರ ಜೀಪು ಬಂದಿತ್ತು, 2.2 ಲೀಟರ್ ಕಾಮನ್ ರೈಲ್ ಎಂಜಿನ್ನು. ಸಮತಟ್ಟು ರಸ್ತೆಯಲ್ಲಿ ಚೆನ್ನಾಗೇ ಓಡುತ್ತದೆ. ಮೇಲುಕೋಟೆ ಏರು ಹತ್ತುವಾಗ ಮಾತ್ರ ಕಪ್ಪು ಹೊಗೆ, ಎಂಜಿನ್ ಲೈಟು, ಆಮೇಲೆ ಎಷ್ಟು ಒತ್ತಿದರೂ ಪಿಕಪ್ ಇಲ್ಲ. "ಬೇರೆ ಕಡೆ ಟರ್ಬೋನೇ ಬದಲಾಯಿಸ್ಬೇಕು ಅಂದವ್ರೆ ಕಣಪ್ಪ, ನೀನೊಂದ್ಸಲ ನೋಡು" ಅಂದರು.

ಬಾನೆಟ್ ಎತ್ತುವ ಮೊದಲು ನಾನು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ತಳ್ಳಿ ನೋಡುತ್ತೇನೆ. ಗದ್ದೆಯಿಂದ ಬಂದವರು ಎಷ್ಟೋ ಸಲ ಫೋರ್ ವೀಲ್ ಲಿವರ್ ತೆಗೆಯದೆ ಟಾರ್ ರಸ್ತೆಯಲ್ಲೇ ಓಡಿಸುತ್ತಿರುತ್ತಾರೆ. ಪಾರ್ಟ್ ಟೈಮ್ ಫೋರ್ ವೀಲ್‌ನಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಶಿಯಲ್ ಇರಲ್ಲ, ಹಾಗಾಗಿ ತಿರುವಿನಲ್ಲಿ ಎರಡೂ ಒಂದಕ್ಕೊಂದು ಜಗ್ಗಾಡಿ ಗಾಡಿ ಭಾರ ಅನ್ನಿಸುತ್ತದೆ, ಡ್ರೈವರ್ ಮಾತ್ರ ಎಂಜಿನ್ನಿಗೆ ಬಯ್ಯುತ್ತಾನೆ. ಬ್ರೇಕ್ ಹಿಡಿದುಕೊಂಡಿದ್ದರೂ ಅಷ್ಟೇ. ಸ್ವಲ್ಪ ದೂರ ಓಡಿಸಿ ಬಂದು ನಾಲ್ಕೂ ವೀಲಿನ ಹತ್ತಿರ ಕೈ ಹಿಡಿದರೆ ಯಾವುದು ಕಾಯುತ್ತಿದೆ ಅಂತ ಗೊತ್ತಾಗುತ್ತದೆ. ಗೌಡರ ಜೀಪಿನಲ್ಲಿ ಇದೆಲ್ಲ ಸರಿ ಇತ್ತು.

ಸ್ಕ್ಯಾನರ್ ಹಾಕಿದರೆ ಪಿ0299, ಅಂದರೆ ಬೂಸ್ಟ್ (ಟರ್ಬೋ ಕೊಡುವ ಗಾಳಿಯ ಒತ್ತಡ) ಕಡಿಮೆ. ಈ ಕೋಡ್ ನೋಡಿಯೇ ಟರ್ಬೋಗೆ ಆರ್ಡರ್ ಕೊಡುವವರಿದ್ದಾರೆ, ನನಗೆ ಅದೇ ಸಿಟ್ಟು. ಕೋಡ್ ಹೇಳುವುದು ಗಾಳಿ ಸಾಕಷ್ಟು ಬರುತ್ತಿಲ್ಲ ಅಂತ ಅಷ್ಟೇ, ಎಲ್ಲಿ ಹೋಯಿತು ಅಂತ ಅಲ್ಲ.

ಮೊದಲು ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ರೀಡಿಂಗ್ ನೋಡಿದೆ. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರ ಮಟ್ಟದಲ್ಲಿ ಅದು 101 ಕಿಲೋಪಾಸ್ಕಲ್, ಮಂಡ್ಯದ ಎತ್ತರಕ್ಕೆ 93 ಹತ್ತಿರ, ಮೈಸೂರಿನಲ್ಲಿ ಇನ್ನೊಂದು ಕಡಿಮೆ. ಇಲ್ಲೇ ನಿಂತು 105 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಇದು 93 ತೋರಿಸಿತು.

ನಿಂತ ಗಾಡಿಯಲ್ಲಿ ಇದಕ್ಕಿಂತ ಜಾಸ್ತಿ ಏನೂ ಸಿಗಲ್ಲ. ಐಡಲಿಂಗ್‌ನಲ್ಲಿ ಬೂಸ್ಟೇ ಇರಲ್ಲ, ನ್ಯೂಟ್ರಲ್‌ನಲ್ಲಿ ಸುಮ್ನೆ ರೇಸ್ ಮಾಡಿದರೂ ಲೋಡ್ ಬೀಳಲ್ಲ. ಗೌಡರನ್ನೇ ಓಡಿಸಲು ಕೂರಿಸಿ, ಸ್ಕ್ಯಾನರ್ ತೊಡೆ ಮೇಲಿಟ್ಟುಕೊಂಡು ಜಕ್ಕನಹಳ್ಳಿಯಿಂದ ಮೇಲುಕೋಟೆ ಕಡೆಗೆ ಹತ್ತಿಸಿದೆವು. ಮೂರನೇ ಗೇರ್, ಪೂರ್ತಿ ಆಕ್ಸಿಲರೇಟರ್. ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಕೇಳುತ್ತಿದ್ದದ್ದು 210 ಕಿಲೋಪಾಸ್ಕಲ್, ಸಿಗುತ್ತಿದ್ದದ್ದು 150. ರೈಲ್ ಪ್ರೆಶರ್, ಅಂದರೆ ಇಂಜೆಕ್ಟರಿಗೆ ಹೋಗುವ ಡೀಸೆಲ್ಲಿನ ಒತ್ತಡ, ಮಾತ್ರ ಕೇಳಿದಷ್ಟೇ ಸಿಗುತ್ತಿತ್ತು. ಅಲ್ಲಿಗೆ ಡೀಸೆಲ್ ಫಿಲ್ಟರ್ರು, ಪಂಪು ಎರಡನ್ನೂ ಬದಿಗಿಟ್ಟೆ. ಡೀಸೆಲ್ ಬರುತ್ತಿದೆ, ಅದನ್ನು ಸುಡುವಷ್ಟು ಗಾಳಿ ಇಲ್ಲ, ಕಪ್ಪು ಹೊಗೆಗೆ ಇನ್ನೇನು ಬೇಕು?

ಶೆಡ್ಡಿಗೆ ಬಂದು ಏರ್ ಫಿಲ್ಟರ್ ತೆಗೆದೆ. ಕಬ್ಬಿನ ಸೀಸನ್ನಿನ ಧೂಳು ಇತ್ತು, ಆದರೆ ಇಷ್ಟು ಬೂಸ್ಟ್ ಇಳಿಸುವಷ್ಟಲ್ಲ. ಆಮೇಲೆ ಟರ್ಬೋ ಒಳಗಿನ ಬ್ಲೇಡುಗಳನ್ನು ರಾಡ್ ಮೂಲಕ ತಿರುಗಿಸುವ ಆಕ್ಚುಯೇಟರ್. ವ್ಯಾಕ್ಯೂಮ್‌ನಲ್ಲಿ ಕೆಲಸ ಮಾಡುವ ವೇರಿಯೇಬಲ್ ಟರ್ಬೋ ಆದರೆ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ರಾಡ್ ಒಳಕ್ಕೆ ಎಳೆಯಬೇಕು, ಆಫ್ ಮಾಡಿದರೆ ವಾಪಸ್ ಬರಬೇಕು. ಕೈ ವ್ಯಾಕ್ಯೂಮ್ ಪಂಪಿನಲ್ಲೂ ಎಳೆದು ನೋಡಿದೆ, ಎಲ್ಲೂ ಸಿಕ್ಕಿಕೊಳ್ಳದೆ ಓಡಾಡಿತು, ಪಂಪಿನ ಮೀಟರಿನ ಮುಳ್ಳೂ ಇಳಿಯಲಿಲ್ಲ. ಯಾವಾಗಲೂ ಊರೊಳಗೆ ನಿಧಾನಕ್ಕೆ ಓಡುವ ಗಾಡಿಗಳಲ್ಲಿ ಮಸಿ ಕಟ್ಟಿ ಒಳಗಿನ ಬ್ಲೇಡುಗಳು ಬಿಗಿಯಾಗುವುದುಂಟು, ಇಲ್ಲಿ ಅದೂ ಅಲ್ಲ.

ಉಳಿದದ್ದು ಟರ್ಬೋದಿಂದ ಎಂಜಿನ್ ತನಕ ಇರುವ ಹೋಸುಗಳು. ಪಿವಿಸಿ ಪೈಪಿನ ಕ್ಯಾಪಿಗೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ ನಾನೇ ಒಂದು ಸಾಮಾನು ಮಾಡಿಟ್ಟುಕೊಂಡಿದ್ದೇನೆ. ಅದನ್ನು ಟರ್ಬೋ ಬಾಯಿಗೇ ಕ್ಲಾಂಪ್ ಮಾಡಿ ಕಂಪ್ರೆಸರ್‌ನಿಂದ 15 ಪಿಎಸ್‌ಐ ಗಾಳಿ ಬಿಟ್ಟೆ. ಅದಕ್ಕಿಂತ ಜಾಸ್ತಿ ಬಿಡಬೇಡಿ, ಕ್ಯಾಪಿನ ಎದುರಿಗೂ ನಿಲ್ಲಬೇಡಿ, ಕಿತ್ತುಕೊಂಡರೆ ಮುಖಕ್ಕೇ ಬರುತ್ತದೆ. ಆಯಿಲ್ ಹಾಕುವ ಕಡೆಯಿಂದ ಸ್ವಲ್ಪ ಗಾಳಿ ಬಂದರೆ ಹೆದರುವುದು ಬೇಡ, ಎಂಜಿನ್ನಿನಲ್ಲಿ ತೆರೆದಿರುವ ವಾಲ್ವಿನಿಂದ ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗ್ ದಾಟಿ ಬರುವ ಗಾಳಿ ಅದು. ಸೋಪಿನ ನೀರು ಚಿಮುಕಿಸಿಕೊಂಡು ಬಂದೆ. ಟರ್ಬೋದ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರಿನ ಕೆಳಗಿನ ಹೋಸು, ಕ್ಲಾಂಪಿನ ಪಕ್ಕದಲ್ಲೇ, ತಳಭಾಗದಲ್ಲಿ ಬುರುಗು ಎದ್ದಿತು. ಗಾಳಿ ಬಿಡದಿದ್ದಾಗ ಆ ಸೀಳು ಕಣ್ಣಿಗೂ ಕಾಣಲ್ಲ. ಆದರೆ ಸುತ್ತ ಆಯಿಲ್ ಜಿಡ್ಡಿಗೆ ಧೂಳು ಮೆತ್ತಿಕೊಂಡಿತ್ತು, ಹುಡುಕುವಾಗ ಮೊದಲು ನೋಡಬೇಕಾದ ಗುರುತೇ ಅದು.

ಹೊಸ ಹೋಸು, ಹೊಸ ಕ್ಲಾಂಪು ಹಾಕಿ, ಮಸಿ ಹಿಡಿದಿದ್ದ ಮ್ಯಾಪ್ ಸೆನ್ಸರನ್ನೂ ಕ್ಲೀನ್ ಮಾಡಿ, ಕೋಡ್ ಅಳಿಸಿ ಅದೇ ಏರು ಹತ್ತಿಸಿದೆವು. 210 ಕೇಳಿದಾಗ 206 ಬಂತು, ಹೊಗೆ ಇಲ್ಲ. "ಅಲ್ಲ ಕಣಪ್ಪ, ಇಷ್ಟಕ್ಕೇನಾ ಟರ್ಬೋ ಅಂದಿದ್ದು?" ಅಂದರು ಗೌಡರು.

ಟರ್ಬೋ ನಿಜವಾಗಿ ಹೋದರೆ ಬೇರೆ ಥರ ಹೇಳುತ್ತದೆ. ನೀಲಿ ಹೊಗೆ, ಆಯಿಲ್ ಕಡಿಮೆಯಾಗುವುದು, ಸೈರನ್ ಥರ ಶಬ್ದ. ಶಾಫ್ಟನ್ನು ಬೆರಳಲ್ಲಿ ಹಿಡಿದರೆ ಅಕ್ಕಪಕ್ಕಕ್ಕೆ ಚೂರು ಅಲ್ಲಾಡುವುದು ಸಹಜ, ಆದರೆ ಹಿಂದೆಮುಂದೆ ಆಡಿದರೆ ಅಥವಾ ಬ್ಲೇಡು ಗೋಡೆಗೆ ತಾಗಿದ ಗೀರಿದ್ದರೆ ಕಥೆ ಮುಗಿಯಿತು. ಆಗ ಬಿಚ್ಚುತ್ತೇನೆ. ಬಿಚ್ಚಿದ ಮೇಲೂ ಹೊಸದು ಕೂರಿಸುವ ಮೊದಲು ಅದಕ್ಕೆ ಆಯಿಲ್ ತರುವ ಪೈಪು ಕಟ್ಟಿಕೊಂಡಿದೆಯಾ ನೋಡುತ್ತೇನೆ, ಕಟ್ಟಿದ್ದರೆ ಹೊಸ ಟರ್ಬೋನೂ ಅದೇ ದಾರಿ ಹಿಡಿಯುತ್ತದೆ.