ರಕ್ತ ಬಂತೆಂದು ಬ್ರಷ್ ಕೆಳಗಿಡಬೇಡಿ

ಉಗುಳಿದ ನೊರೆ ಸ್ವಲ್ಪ ಕೆಂಪಾಗಿ ಕಂಡರೆ ಸಾಕು, ಈಗಿನವರು ಆ ಜಾಗವನ್ನೇ ಬಿಟ್ಟು ಉಜ್ಜಲು ಶುರುಮಾಡುತ್ತಾರೆ. ‘ಪಾಪ, ಗಾಯವಾಗಿದೆ, ಎರಡು ದಿನ ಹಾಗೇ ಇರಲಿ’ ಅಂತ ವಸಡಿಗೆ ರಜೆ ಬೇರೆ! ನೋಡಿ ನೋಡಿ ಸಾಕಾಗಿದೆ. ರಕ್ತ ಬರುತ್ತಿರುವುದೇ ಅಲ್ಲಿ ಪಾಚಿ ಕೂತಿರುವುದರಿಂದ. ಬಿಟ್ಟಷ್ಟೂ ಅದು ಹೆಚ್ಚುತ್ತದೆ, ವಸಡು ಊದುತ್ತದೆ. ಆ ಜಾಗವನ್ನೇ ಮೆತ್ತಗೆ, ಒಂದು ಹೊತ್ತೂ ತಪ್ಪಿಸದೆ ಉಜ್ಜಬೇಕು. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ರಕ್ತ ನಿಲ್ಲುತ್ತದೆ. ನಿಲ್ಲದಿದ್ದರೆ ದಂತವೈದ್ಯರ ಹತ್ತಿರ ಹೋಗಬೇಕು, ಅಷ್ಟೆ.

ಪಾಚಿ ಅಂದರೆ ತಿಂದದ್ದರ ಚೂರಲ್ಲ, ಬ್ಯಾಕ್ಟೀರಿಯಾಗಳ ಅಂಟು ಪದರ. ಉಜ್ಜಿದ ಕೆಲವೇ ಗಂಟೆಗಳಲ್ಲಿ ಮತ್ತೆ ಕೂರುತ್ತದೆ. ಮೆತ್ತಗಿರುವಾಗ ಬ್ರಷ್ಷಿಗೆ ಬರುತ್ತದೆ. ಎರಡು ಮೂರು ದಿನ ಬಿಟ್ಟರೆ ಎಂಜಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಗಾರೆಯಾಗತೊಡಗುತ್ತದೆ. ಗಾರೆ ಕಟ್ಟಿದ ಮೇಲೆ ಯಾವ ದುಬಾರಿ ಪೇಸ್ಟಿನಿಂದಲೂ ಏಳುವುದಿಲ್ಲ.

ನಾನು ಹಟ ಹಿಡಿದು ಹೇಳುವುದು ಒಂದೇ: ಒಳಗಡೆಯಿಂದ ಶುರುಮಾಡಿ, ಅದೂ ಪೇಸ್ಟ್ ಹಾಕದೆ. ಎಲ್ಲರೂ ಕನ್ನಡಿಗೆ ಕಾಣುವ ಮುಂಭಾಗವನ್ನೇ ಗಸಗಸ ತಿಕ್ಕಿ, ಬಾಯಿ ತುಂಬ ನೊರೆ ಬಂದ ಕೂಡಲೇ ಮುಗಿಯಿತು ಅಂದುಕೊಳ್ಳುತ್ತಾರೆ. ಗಾರೆ ಬೇಗ ಕಟ್ಟುವುದು ಕೆಳಗಿನ ಬಾಚಿಹಲ್ಲುಗಳ ಹಿಂದೆ. ಎಂಜಲು ಬರುವ ನಾಳ ಅಲ್ಲೇ ನಾಲಿಗೆಯ ಅಡಿಯಲ್ಲಿ ತೆರೆದುಕೊಳ್ಳುವುದರಿಂದ ಹೀಗಾಗುತ್ತದೆ. ಮೇಲಿನ ದವಡೆಹಲ್ಲುಗಳ ಕೆನ್ನೆಯ ಕಡೆಯೂ ಅಷ್ಟೇ, ಅಲ್ಲೂ ಒಂದು ನಾಳವಿದೆ. ಮೆದು ಕೂದಲಿನ, ಚಿಕ್ಕ ತಲೆಯ ಬ್ರಷ್ ಒದ್ದೆ ಮಾಡಿಕೊಳ್ಳಿ. ಮುಷ್ಟಿಯಲ್ಲಿ ಬಿಗಿಹಿಡಿಯಬೇಡಿ, ಬೆರಳ ತುದಿಯಲ್ಲಿ ಹಿಡಿಯಿರಿ. ಹಾಗೆ ಹಿಡಿದರೆ ಒತ್ತಬೇಕೆಂದರೂ ಹೆಚ್ಚು ಒತ್ತಲಾಗುವುದಿಲ್ಲ. ಕೂದಲು ಹಲ್ಲಿನ ಮೇಲೆ ನೇರವಾಗಿ ಕೂರಬಾರದು. ಹಲ್ಲು ವಸಡು ಸೇರುವ ಗೆರೆಯ ಕಡೆಗೆ 45 ಡಿಗ್ರಿ ಓರೆಯಾಗಿರಲಿ, ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಮೇಲೆ. ಇಟ್ಟ ಜಾಗದಲ್ಲೇ ಸಣ್ಣಗೆ ನಡುಗಿಸಿ, ಎರಡು ಮೂರು ಹಲ್ಲಿಗೆ ಹತ್ತಿಪ್ಪತ್ತು ಸಲ. ಆಮೇಲೆ ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಒಮ್ಮೆ ಸವರಿ ಮುಂದಕ್ಕೆ ಹೋಗಿ. ಬಾಚಿಹಲ್ಲಿನ ಹಿಂದೆ ಬ್ರಷ್ ಅಡ್ಡ ಹಿಡಿಸುವುದಿಲ್ಲ, ಉದ್ದಕ್ಕೆ ನಿಲ್ಲಿಸಿ ಮೂತಿಯ ಕೂದಲಿನಿಂದ ಒಂದೊಂದೇ ಹಲ್ಲು ಮಾಡಿ. ಕೂದಲು ಮಲಗಿತೆಂದರೆ ಒತ್ತಿದ್ದು ಜಾಸ್ತಿಯಾಯಿತು. ನಡುವೆ ನಾಲಿಗೆಯ ತುದಿಯಿಂದ ತಡವಿ ನೋಡಿ: ನುಣುಪಾಗಿ ಜಾರಬೇಕು, ತರಿತರಿ ಸಿಕ್ಕಿದರೆ ಮತ್ತೆ ಅಲ್ಲಿಗೇ ಹೋಗಿ. ಇಷ್ಟಾದ ಮೇಲೆ ಫ್ಲೋರೈಡ್ ಇರುವ ಪೇಸ್ಟ್ ಬಟಾಣಿ ಕಾಳಿನಷ್ಟು ಹಾಕಿಕೊಂಡು ಒಳಗೂ ಹೊರಗೂ ಎರಡು ನಿಮಿಷ ಉಜ್ಜಿ. ನೊರೆ ಉಗುಳಿ ಸುಮ್ಮನಿರಿ, ಲೋಟಗಟ್ಟಲೆ ನೀರಿನಲ್ಲಿ ಮುಕ್ಕಳಿಸಿ ಫ್ಲೋರೈಡನ್ನೂ ಚರಂಡಿಗೆ ಕಳಿಸಬೇಡಿ.

ನೀರಿನ ಬಾಟಲಿ ತೊಳೆಯುವುದರಲ್ಲೂ ಇದೇ ಕಥೆ. ಹೊರಗೆ ಫಳಫಳ, ಮುಚ್ಚಳದ ರಬ್ಬರ್ ಬಿಚ್ಚಿ ನೋಡಿದರೆ ಒಳಗೆ ಕಪ್ಪು ಲೋಳೆ. ವಾರಕ್ಕೊಮ್ಮೆಯಾದರೂ ಅದನ್ನು ತೆಗೆದು ತೊಳೆಯಿರಮ್ಮ.

ಗಟ್ಟಿ ಬ್ರಷ್‌ನಿಂದ ಬಲವಾಗಿ ತಿಕ್ಕುವವರಿಗೆ ವಸಡು ಹಿಂದೆ ಸರಿದು ಬೇರು ಹೊರಬರುತ್ತದೆ. ಆಮೇಲೆ ತಣ್ಣೀರು ಕುಡಿದರೂ ಜುಮ್ ಅನ್ನುತ್ತದೆ. ಇದ್ದಿಲು ಪುಡಿಯಿಂದ ಉಜ್ಜುವ ಹೊಸ ಹುಚ್ಚೂ ಬೇಡ.

ಬ್ರಷ್ ಎಂಥದ್ದಾದರೂ ಸಂದಿಗೆ ಹೋಗದು. ರಾತ್ರಿ ಒಂದು ಮೊಳ ಫ್ಲಾಸ್, ಅಂದರೆ ಹಲ್ಲಿನ ಸಂದಿ ಒರೆಸುವ ನೂಲು, ತೆಗೆದು ಎರಡೂ ನಡುಬೆರಳಿಗೆ ಸುತ್ತಿ, ಹಿಂದೆ ಮುಂದೆ ಆಡಿಸುತ್ತಾ ಇಳಿಸಿ. ಟಪ್ಪನೆ ಒತ್ತಿದರೆ ವಸಡು ಕೊಯ್ಯುತ್ತದೆ. ಇಳಿದ ಮೇಲೆ ಹಲ್ಲನ್ನು ಬಳಸಿ ಹಿಡಿದು ಮೇಲೆ ಕೆಳಗೆ ಒರೆಸಿ, ಪಕ್ಕದ ಹಲ್ಲಿಗೂ ಹಾಗೇ. ಸಂದಿ ಅಗಲವಾಗಿದ್ದರೆ ಸಂದಿಗೆ ತೂರಿಸುವ ಪುಟ್ಟ ಇಂಟರ್‌ಡೆಂಟಲ್ ಬ್ರಷ್ ವಾಸಿ. ಸೇಫ್ಟಿ ಪಿನ್ನು, ಬೆಂಕಿಕಡ್ಡಿ ಬಾಯಿಗೆ ಹಾಕುವವರಿಗೆ ನಾನೇನೂ ಹೇಳುವುದಿಲ್ಲ.

ಹಿಂದಿನವರು ‘ವಯಸ್ಸಾಯಿತು, ಹಲ್ಲು ಬಿತ್ತು’ ಅಂತ ಬೊಚ್ಚುಬಾಯಲ್ಲೇ ನಕ್ಕು ಸುಮ್ಮನಾಗುತ್ತಿದ್ದರು. ಬಹಳಷ್ಟು ಸಲ ಬೀಳಿಸಿದ್ದು ವಯಸ್ಸಲ್ಲ, ವಸಡಿನ ರೋಗ. ಕೆಂಪಗೆ ಊದಿ ರಕ್ತ ಬರುವ ಹಂತದಲ್ಲಿ ಹಿಡಿದರೆ ಪೂರ್ತಿ ವಾಸಿಯಾಗುತ್ತದೆ. ಮುಂದುವರಿದರೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ಚೀಲದಂತಾಗುತ್ತದೆ. ಆರೋಗ್ಯವಾಗಿರುವಾಗ ಹಲ್ಲು ವಸಡಿನ ನಡುವಿನ ಸಂದಿಯ ಆಳ 3 ಮಿಲಿಮೀಟರ್ ದಾಟುವುದಿಲ್ಲ. ಚೀಲವಾದ ಮೇಲೆ ಕೆಳಗಿನ ಮೂಳೆ ಕರಗುತ್ತದೆ, ಕರಗಿದ್ದು ತಾನಾಗಿ ಬೆಳೆಯುವುದಿಲ್ಲ. ನೋವು ಹೆಚ್ಚಾಗಿ ಇರುವುದೇ ಇಲ್ಲ, ಅದೇ ಮೋಸ. ಸಿಗರೇಟು ಸೇದುವವರಲ್ಲಿ ರಕ್ತವೂ ಕಡಿಮೆ ಬರುವುದರಿಂದ, ಹಲ್ಲು ಅಲ್ಲಾಡುವ ತನಕ ಗೊತ್ತೇ ಆಗದಿರಬಹುದು.

ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರವಾಗಿರಬೇಕು. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ಕೆಟ್ಟ ವಸಡಿನ ಉರಿಯೂತ ಸಕ್ಕರೆಯನ್ನು ಹತೋಟಿಗೆ ಬರಗೊಡುವುದಿಲ್ಲ. ಹೃದ್ರೋಗ, ಪಾರ್ಶ್ವವಾಯು ಇರುವವರಲ್ಲೂ ವಸಡಿನ ರೋಗ ಹೆಚ್ಚು ಕಂಡುಬಂದಿದೆ. ಅದೇ ಕಾರಣ ಅಂತ ಸಾಬೀತಾಗಿಲ್ಲ, ಹಾಗಂತ ತಾತ್ಸಾರ ಮಾಡುವ ಮಾತೂ ಅಲ್ಲ. ಬಸುರಿಯರಿಗೆ ಹಾರ್ಮೋನಿನಿಂದ ವಸಡು ಊದುವುದುಂಟು. ‘ಹೆರಿಗೆ ಆಗಲಿ, ಆಮೇಲೆ ನೋಡೋಣ’ ಅನ್ನಬೇಡಿ, ಹಲ್ಲು ಕ್ಲೀನ್ ಮಾಡಿಸಿಕೊಳ್ಳಲು ಬಸುರು ಅಡ್ಡಿಯಲ್ಲ.

ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದಿ ಬೀಳುತ್ತದೆ ಅನ್ನುವುದು ಸುಳ್ಳು. ಸಂದಿ ಮೊದಲೇ ಬಿದ್ದಿತ್ತು, ಗಾರೆ ತುಂಬಿಕೊಂಡು ಕಾಣುತ್ತಿರಲಿಲ್ಲ. ದಂತವೈದ್ಯರ ಹತ್ತಿರ ಹೋಗುವಾಗ, ನೀವು ದಿನಾ ನುಂಗುವ ಮಾತ್ರೆಗಳ ಹೆಸರು ಬರೆದುಕೊಂಡು ಹೋಗಿ. ಬಿಪಿಗೆ ಕೊಡುವ ಅಮ್ಲೋಡಿಪಿನ್, ಮೂರ್ಛೆರೋಗದ ಫೆನಿಟಾಯಿನ್ ಕೆಲವರಿಗೆ ವಸಡನ್ನು ದಪ್ಪ ಬೆಳೆಸುತ್ತವೆ. ನೀವಾಗಿ ನಿಲ್ಲಿಸಬೇಡಿ, ಬದಲಿಸುವುದು ಬಿಡುವುದು ವೈದ್ಯರಿಗೆ ಸೇರಿದ್ದು. ‘ಅದೇ, ಆ ಬಿಳಿ ಮಾತ್ರೆ’ ಅಂದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು?