ಸಾಸೇಜ್, ತರಕಾರಿ ಒಂದೇ ಬಾಣಲೆಗೆ, ಆದರೆ ಒಂದೇ ಸಲಕ್ಕಲ್ಲ

ಕೆಲಸ ಮುಗಿಸಿ ಏಳೂವರೆ ಎಂಟಕ್ಕೆ ಮನೆ ಸೇರುವವರಿಗೆ ಸಾಸೇಜ್, ತರಕಾರಿ ಒಟ್ಟಿಗೆ ಹುರಿದು ಮಾಡುವ ಊಟ ಬಹಳ ಅನುಕೂಲ. ರುಬ್ಬುವ ಕೆಲಸ ಇಲ್ಲ, ಕುಕ್ಕರ್ ಕೂಗಲಿ ಅಂತ ಕಾಯಬೇಕಾಗಿಲ್ಲ, ತೊಳೆಯುವುದಕ್ಕೂ ಒಂದೇ ಪಾತ್ರೆ. ಆದರೆ ಹೊಸದಾಗಿ ಮಾಡುವವರ ದೂರು ಮಾತ್ರ ಯಾವಾಗಲೂ ಒಂದೇ. ಮೊನ್ನೆ ನನ್ನ ತಂಗಿಯ ಮಗಳು ಫೋನ್ ಮಾಡಿ, "ದೊಡ್ಡಮ್ಮ, ಆಲೂಗಡ್ಡೆ ಒಳಗೆ ಹಸಿ ಹಸಿ, ಸಾಸೇಜ್ ಮಾತ್ರ ಸೀದು ಹೋಗಿದೆ, ಏನ್ ಮಾಡ್ಲಿ?" ಅಂದಳು. ಎಲ್ಲ ಒಂದೇ ಸಲ ಹಾಕಿದೆಯಾ ಅಂತ ಕೇಳಿದೆ. "ಒಂದೇ ಪ್ಯಾನ್ ಅಡುಗೆ ಅಲ್ವಾ, ಅದಕ್ಕೇ ಹಾಕಿದೆ" ಅಂದಳು. ಪಾತ್ರೆ ಒಂದೇ ಇರಬಹುದು, ಆದರೆ ಅದರೊಳಗೆ ಬೀಳುವ ಒಂದೊಂದು ಪದಾರ್ಥಕ್ಕೂ ಬೇಯಲು ಅದರದೇ ಹೊತ್ತು ಬೇಕು. ಇದೊಂದು ತಿಳಿದುಕೊಂಡರೆ ಯಾವ ಊರಿನ ತರಕಾರಿ ಸಿಕ್ಕರೂ, ಯಾವ ಅಂಗಡಿಯ ಸಾಸೇಜ್ ಸಿಕ್ಕರೂ ಊಟ ಕೆಡುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಅಡುಗೆಯಲ್ಲಿ ಸಾಸೇಜ್ ಅನ್ನು ಒಗ್ಗರಣೆ ಅಂದುಕೊಳ್ಳಿ. ಉಪ್ಪು, ಕೊಬ್ಬು, ಮಸಾಲೆ ಮೂರೂ ಅದರಲ್ಲೇ ಇವೆ. ಅದರ ಸಾರ ತರಕಾರಿಗೆ ಇಳಿಯಬೇಕು. ನಾಲ್ಕು ಜನಕ್ಕೆ 300 ಗ್ರಾಂ ಸಾಸೇಜ್ ಸಾಕು, ತರಕಾರಿ 800 ಗ್ರಾಂ ಇರಲಿ. ಹೀಗೆ ಮಾಡಿದರೆ ಖರ್ಚೂ ಕಡಿಮೆ, ಹೊಟ್ಟೆಗೂ ಹಿತ.

ಉಪ್ಪಿನ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಪ್ಯಾಕೆಟ್ ಹಿಂದೆ ಸೋಡಿಯಂ ಎಷ್ಟು ಅಂತ ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಅಂತಿದ್ದರೆ 2 ಗ್ರಾಂ ಉಪ್ಪು. ಅಂದರೆ 300 ಗ್ರಾಂ ಸಾಸೇಜ್ ಹಾಕಿದಾಗ ಒಂದು ಟೀ ಚಮಚದಷ್ಟು ಉಪ್ಪು ಆಗಲೇ ಬಾಣಲೆಯಲ್ಲಿದೆ. ದೊಡ್ಡವರೊಬ್ಬರು ದಿನಕ್ಕೆ ತಿನ್ನುವ ಉಪ್ಪು 5 ಗ್ರಾಂ ಒಳಗಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಶುರುವಿನಲ್ಲಿ ಆಲೂಗಡ್ಡೆಗೆ ಮಾತ್ರ ಒಂದು ಚಿಟಿಕೆ ಹಾಕಿ. ಉಳಿದದ್ದನ್ನು ಕೊನೆಗೆ ರುಚಿ ನೋಡಿ ಹಾಕಿಕೊಳ್ಳಿ. ಬಹಳ ಸಲ ಹಾಕಬೇಕಾಗಿಯೇ ಬರುವುದಿಲ್ಲ.

ಈಗ ನಿಮ್ಮ ಕೈಯಲ್ಲಿರುವ ಸಾಸೇಜ್ ಹಸಿಯದೋ ಬೆಂದದ್ದೋ ನೋಡಿ. ನಮ್ಮಲ್ಲಿ ಫ್ರೀಜರ್‌ನಲ್ಲಿಟ್ಟು ಮಾರುವ ಚಿಕನ್ ಸಾಸೇಜ್ ಹೆಚ್ಚಿನವು ಬೇಯಿಸಿದವು. ಅವನ್ನು ಬಿಸಿ ಮಾಡಿ ಹೊರಗೆ ಕೆಂಪಗಾಗಿಸಿದರೆ ಮುಗಿಯಿತು. ಆದರೆ ಬೆಂಗಳೂರಿನ ಕಂಟೋನ್ಮೆಂಟ್ ಕಡೆಯ ಕೋಲ್ಡ್ ಸ್ಟೋರೇಜ್ ಅಂಗಡಿಗಳಲ್ಲಿ ತೂಕ ಹಾಕಿ ಕೊಡುವ ಪೋರ್ಕ್ ಸಾಸೇಜ್ ಹಸಿಯದೇ ಆಗಿರಬಹುದು. ಬ್ರಿಟನ್ನಿನಲ್ಲಿ ಇರುವವರಿಗೆ ಅಲ್ಲಿನ ಮಾಮೂಲಿ ಸಾಸೇಜ್ ಹಸಿಯದೇ ಸಿಗುತ್ತದೆ. ಅಮೆರಿಕದಲ್ಲಿ ಸೋಂಪು ಹಾಕಿದ ಇಟಾಲಿಯನ್ ಸಾಸೇಜ್ ಸಾಮಾನ್ಯವಾಗಿ ಹಸಿಯದು, ಹೊಗೆ ಹಾಕಿದ ಕೀಲ್ಬಾಸ ಹೆಚ್ಚಾಗಿ ಬೆಂದದ್ದು. ಮುಟ್ಟಿ ನೋಡಿದರೆ ಹಸಿಯದು ಮೆತ್ತಗೆ ಜೋಲುತ್ತದೆ, ಬೆಂದದ್ದು ಗಟ್ಟಿಯಾಗಿ ನೆಟ್ಟಗೆ ನಿಲ್ಲುತ್ತದೆ. ಇಷ್ಟಾದರೂ ಲೇಬಲ್ ಓದಿ, ಅಂಗಡಿಯವರನ್ನು ಕೇಳಿ. ಹೊಗೆಯ ವಾಸನೆ ಇದೆ ಅಂದ ಮಾತ್ರಕ್ಕೆ ಬೆಂದಿದೆ ಅಂತ ಅಲ್ಲ. ಅನುಮಾನ ಇದ್ದರೆ ಹಸಿಯದು ಅಂತಲೇ ತಿಳಿದು ಪೂರ್ತಿ ಬೇಯಿಸಿ. ಫ್ರೀಜರ್‌ನಿಂದ ತೆಗೆದದ್ದನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ತಟ್ಟಿಗೆ ಇಳಿಸಿಡಿ. ಕಟ್ಟೆಯ ಮೇಲೆ ಇಡೀ ದಿನ ಬಿಡಬೇಡಿ.

ತರಕಾರಿಗೆ ಬರೋಣ. ಈ ಅಡುಗೆ ಏಳುವುದೂ ಬೀಳುವುದೂ ಇಲ್ಲೇ. ನಾನು ಅವನ್ನು ಮೂರು ಗುಂಪು ಮಾಡಿಕೊಳ್ಳುತ್ತೇನೆ. ಆಲೂಗಡ್ಡೆ, ಕ್ಯಾರೆಟ್, ನವಿಲುಕೋಸು ನಿಧಾನಕ್ಕೆ ಬೇಯುವವು, ಮೊದಲು ಒಲೆಗೆ ಹೋಗಬೇಕಾದವು. ಹೂಕೋಸು, ಬೀನ್ಸ್, ಸಿಹಿಕುಂಬಳ, ತೊಂಡೆಕಾಯಿ ನಡುವಿನವು. ಈರುಳ್ಳಿ, ದಪ್ಪ ಮೆಣಸಿನಕಾಯಿ, ಅಣಬೆ ಕೊನೆಗೆ. ಗೆಣಸು ಬೇಗ ಬೇಯುತ್ತದೆ, ಅದರಲ್ಲಿ ಸಿಹಿ ಇರುವುದರಿಂದ ಬೇಗ ಕಪ್ಪಗೂ ಆಗುತ್ತದೆ, ಅದನ್ನೂ ನಡುವಿನ ಗುಂಪಿಗೇ ಸೇರಿಸಿ. ನೀರು ಜಾಸ್ತಿ ಬಿಡುವ ಹೀರೆಕಾಯಿ, ಸೋರೆಕಾಯಿ, ಸೀಮೆಬದನೆ ಇದಕ್ಕೆ ಒಗ್ಗುವುದಿಲ್ಲ. ಅವನ್ನು ಪಲ್ಯಕ್ಕೋ ಕೂಟಿಗೋ ಇಟ್ಟುಕೊಳ್ಳಿ. ಬದನೆಕಾಯಿ ಎಣ್ಣೆ ಕುಡಿಯುತ್ತದೆ. ಹಾಕಲೇಬೇಕು ಅನ್ನಿಸಿದರೆ ಹೋಳಿಗೆ ಉಪ್ಪು ಸವರಿ ಕಾಲು ಗಂಟೆ ಬಿಟ್ಟು, ನೀರು ಹಿಂಡಿ, ಬಟ್ಟೆಯಲ್ಲಿ ಒತ್ತಿ ಹಾಕಿ. ಆಮೇಲೆ ಬೇರೆ ಉಪ್ಪು ಬೇಡ.

ಹೋಳಿನ ಗಾತ್ರದಲ್ಲೂ ಲೆಕ್ಕ ಇದೆ. ಗಟ್ಟಿ ತರಕಾರಿ ಸಣ್ಣಗೆ, ಮೆತ್ತಗಿನದು ದೊಡ್ಡದಾಗಿ. ಆಲೂಗಡ್ಡೆ ಬೆರಳಗಲ ಇದ್ದರೆ ದಪ್ಪ ಮೆಣಸಿನಕಾಯಿ ಅದಕ್ಕೆ ಎರಡರಷ್ಟು. ಈರುಳ್ಳಿಯನ್ನು ಬುಡ ಕತ್ತರಿಸದೆ ನಾಲ್ಕು ಸೀಳು ಮಾಡಿ. ಬುಡ ಇದ್ದರೆ ಎಸಳು ಬಿಡಿಬಿಡಿಯಾಗಿ ಉದುರುವುದಿಲ್ಲ, ಹೊರಗೆ ಕೆಂಪಗಾಗಿ ಒಳಗೆ ಸಿಹಿಯಾಗಿ ನಿಲ್ಲುತ್ತದೆ. ಸಾಂಬಾರ್ ಈರುಳ್ಳಿ ಸಿಕ್ಕರೆ ಇನ್ನೂ ಒಳ್ಳೆಯದು, ಸಿಪ್ಪೆ ಸುಲಿದು ಇಡಿಯಾಗೇ ಹಾಕಿ. ತೊಳೆದ ತರಕಾರಿಯನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಒದ್ದೆ ತರಕಾರಿ ಹುರಿಯುವುದಿಲ್ಲ, ಸುಮ್ನೆ ಬೆವರುತ್ತಾ ಬೇಯುತ್ತದೆ.

ತೊಂಡೆಕಾಯಿಯ ಬಗ್ಗೆ ಬೇರೆಯಾಗೇ ಹೇಳಬೇಕು, ಯಾಕೆಂದರೆ ಸಾಸೇಜ್ ಜೊತೆ ಅದನ್ನು ಹಾಕಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಎಳೆಯದಾಗಿ ಗಟ್ಟಿಯಾಗಿರುವುದನ್ನು ಆರಿಸಿ. ಒಳಗೆ ಕೆಂಪು ತಿರುಗಿದ್ದರೆ ಹಣ್ಣಾಗಿ ಹುಳಿ ಬಂದಿರುತ್ತದೆ, ಅದು ಬೇಡ. ಎರಡೂ ತುದಿ ತೆಗೆದು ಉದ್ದಕ್ಕೆ ನಾಲ್ಕು ಸೀಳಿ. ಚಪ್ಪಟೆ ಮುಖ ಕೆಳಗೆ ಬರುವ ಹಾಗೆ ಬಾಣಲೆಯಲ್ಲಿ ಹರಡಿ, ನಾಲ್ಕೈದು ನಿಮಿಷ ಕೈ ಹಾಕಬೇಡಿ. ಅಂಚು ಒಳಕ್ಕೆ ಮುದುರಿಕೊಳ್ಳುತ್ತದೆ, ಬೀಜದ ಕಡೆ ಕಂದು ಗೆರೆ ಬೀಳುತ್ತದೆ, ಹಸಿರು ಸಿಪ್ಪೆ ಮಾಸುತ್ತದೆ. ಆಗ ತಿರುವಿ. ಸಾಸೇಜ್ ಬಿಟ್ಟ ಕೊಬ್ಬಿನಲ್ಲಿ ಹುರಿದ ತೊಂಡೆಕಾಯಿ ಇಡೀ ಬಾಣಲೆಯಲ್ಲಿ ಮೊದಲು ಖಾಲಿಯಾಗುವ ಪದಾರ್ಥ.

ಓವನ್ ಇಲ್ಲದವರೇ ನಮ್ಮಲ್ಲಿ ಜಾಸ್ತಿ, ಅದಕ್ಕೇ ಒಲೆಯ ಮೇಲಿನ ಕ್ರಮ ಮೊದಲು ಹೇಳುತ್ತೇನೆ. ಅಗಲವಾದ ಕಬ್ಬಿಣದ ಬಾಣಲೆ, ಅದಕ್ಕೆ ಕೂರುವ ಮುಚ್ಚಳ, ಇಷ್ಟೇ ಬೇಕು. ಬಾಣಲೆ ಚೆನ್ನಾಗಿ ಕಾಯಲಿ. ಒಂದು ಚಮಚ ಎಣ್ಣೆ ಬಿಟ್ಟು, ಓರೆಯಾಗಿ ಕತ್ತರಿಸಿದ ಬೆಂದ ಸಾಸೇಜ್ ಹೋಳುಗಳನ್ನು ಒಂದೇ ಪದರದಲ್ಲಿ ಹರಡಿ. ಎರಡೂ ಮಗ್ಗುಲು ಕೆಂಪಗಾಗಲು ನಾಲ್ಕೈದು ನಿಮಿಷ. ಆಮೇಲೆ ಹೋಳನ್ನಷ್ಟೇ ತಟ್ಟೆಗೆ ತೆಗೆದಿಡಿ, ಕೊಬ್ಬು ಬಾಣಲೆಯಲ್ಲೇ ಇರಲಿ. ಚಿಕನ್ ಸಾಸೇಜ್‌ನಲ್ಲಿ ಕೊಬ್ಬು ಕಡಿಮೆ ಬಿಡುತ್ತದೆ, ಆಗ ಇನ್ನೊಂದು ಚಮಚ ಎಣ್ಣೆ ಸೇರಿಸಿ. ಅದಕ್ಕೆ ಆಲೂಗಡ್ಡೆ, ಕ್ಯಾರೆಟ್ ಹಾಕಿ ಮೂರ್ನಾಲ್ಕು ನಿಮಿಷ ಅಲುಗಿಸದೆ ಬಿಡಿ. ಸೌಟು ಹಿಡಿದು ಕೆದಕುತ್ತಾ ನಿಂತರೆ ಕೆಂಪು ಬಣ್ಣ ಬರುವುದೇ ಇಲ್ಲ. ತಳ ಬಣ್ಣ ಹಿಡಿದ ಮೇಲೆ ತಿರುವಿ, ಎರಡು ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ, ಉರಿ ಸಣ್ಣ ಮಾಡಿ. ಏಳೆಂಟು ನಿಮಿಷಕ್ಕೆ ಚಾಕು ಸಲೀಸಾಗಿ ಇಳಿಯುತ್ತದೆ. ಬೀನ್ಸ್ ಅಥವಾ ಹೂಕೋಸು ಇದ್ದರೆ ಈ ಮುಚ್ಚಿದ ಹೊತ್ತಿನ ನಡುವೆ ಸೇರಿಸಿ. ತೊಂಡೆಕಾಯಿ ಆದರೆ ಮುಚ್ಚಳ ತೆಗೆದ ಮೇಲೆ ಆಲೂಗಡ್ಡೆಯನ್ನು ಒಂದು ಬದಿಗೆ ಸರಿಸಿ ಜಾಗ ಮಾಡಿಕೊಡಿ.

ಈಗ ಉರಿ ದೊಡ್ಡದು ಮಾಡಿ, ಉಳಿದ ನೀರು ಇಂಗಲಿ. ಕೆಳಗೆ ಚುಂಯ್ ಅನ್ನುವ ಸದ್ದು ಮತ್ತೆ ಶುರುವಾದರೆ ನೀರು ಹೋಯಿತು ಅಂತ ಅರ್ಥ. ಆಗ ಈರುಳ್ಳಿ, ದಪ್ಪ ಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ. ಬೆಳ್ಳುಳ್ಳಿ ಮೊದಲೇ ಹಾಕಿದರೆ ಕಹಿಯಾಗುತ್ತದೆ. ಐದು ನಿಮಿಷ ಬಿಟ್ಟು ಸಾಸೇಜ್ ಹೋಳು ವಾಪಸ್ ಹಾಕಿ ಒಮ್ಮೆ ಎತ್ತಿ ಹಾಕಿದರೆ ಆಯಿತು.

ಹಸಿ ಸಾಸೇಜ್ ಆದರೆ ಕತ್ತರಿಸಬೇಡಿ, ಚುಚ್ಚಲೂಬೇಡಿ, ರಸವೆಲ್ಲ ಸೋರಿ ಹೋಗುತ್ತದೆ. ಇಡಿಯಾಗಿ ಬಾಣಲೆಗೆ ಹಾಕಿ, ಕಾಲು ಲೋಟ ನೀರು ಬಿಟ್ಟು ಮುಚ್ಚಿ, ಹದ ಉರಿಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಿ, ನಡುವೆ ಒಮ್ಮೆ ತಿರುವಿ. ನೀರು ಇಂಗಿದ ಮೇಲೆ ಅದರ ಕೊಬ್ಬಿನಲ್ಲೇ ಕೆಂಪಗಾಗುತ್ತದೆ. ಅಡುಗೆ ಥರ್ಮಾಮೀಟರ್ ಇದ್ದವರು ತುದಿಯಿಂದ ಒಳಕ್ಕೆ ಚುಚ್ಚಿ ನೋಡಿ: ಕೋಳಿಯದು 74 ಡಿಗ್ರಿ ಸೆಲ್ಸಿಯಸ್, ಹಂದಿ ಮಾಂಸದ್ದು 71 ಆಗಿರಬೇಕು. ಇಲ್ಲದವರು ಎಲ್ಲಕ್ಕಿಂತ ದಪ್ಪ ಇರುವುದನ್ನು ನಡುವೆ ಸೀಳಿ, ಒಳಗೆ ಎಲ್ಲೂ ಹಸಿ ಮೆತುವು ಇರಬಾರದು, ರಸ ತಿಳಿಯಾಗಿರಬೇಕು. ಐದು ನಿಮಿಷ ಆರಿದ ಮೇಲೆ ಕತ್ತರಿಸಿ.

ಓವನ್ ಇದ್ದವರಿಗೆ ಕ್ರಮ ಅದೇ, ಕೈಕೆಲಸ ಇನ್ನೂ ಕಡಿಮೆ. 200 ಡಿಗ್ರಿಗೆ ಮೊದಲೇ ಕಾಯಿಸಿ, ಅಮೆರಿಕದವರಿಗೆ ಅದು 400 ಫ್ಯಾರನ್‌ಹೀಟ್. ಗಟ್ಟಿ ತರಕಾರಿಗೆ ಎಣ್ಣೆ ಸವರಿ ಅದನ್ನೊಂದೇ ಇಪ್ಪತ್ತು ನಿಮಿಷ ಇಡಿ. ಆಮೇಲೆ ಬೆಂದ ಸಾಸೇಜ್ ಮತ್ತು ಮಿಕ್ಕ ತರಕಾರಿ ಸೇರಿಸಿ ಇನ್ನಿಪ್ಪತ್ತು ನಿಮಿಷ. ಹಸಿ ಸಾಸೇಜ್‌ಗೆ ಅರ್ಧ ಗಂಟೆ ಕೊಡಿ. ನಮ್ಮ ಓಟಿಜಿಗಳ, ಅಂದರೆ ಕಟ್ಟೆಯ ಮೇಲಿಡುವ ಪುಟ್ಟ ಕರೆಂಟ್ ಓವನ್‌ಗಳ, ತಟ್ಟೆ ಚಿಕ್ಕದು. ನಾಲ್ಕು ಜನರದ್ದು ಒಟ್ಟಿಗೆ ತುಂಬಿದರೆ ಹೋಳಿನ ಮೇಲೆ ಹೋಳು ಬಿದ್ದು ಎಲ್ಲ ಆವಿಯಲ್ಲಿ ಬೆಂದ ಹಾಗೆ ಸಪ್ಪಗಾಗುತ್ತದೆ. ಎರಡು ಸಲ ಮಾಡಿ, ಇಲ್ಲವೇ ಬಾಣಲೆಯೇ ವಾಸಿ. ಏರ್ ಫ್ರೈಯರ್ ಇಬ್ಬರಿಗೆ ಸರಿ.

ಮಸಾಲೆಗೆ ನಮ್ಮ ಡಬ್ಬಿಯೇ ಸಾಕು. ಹೊರಗಿನ ಮಸಾಲೆ ಪುಡಿ ಪ್ಯಾಕೆಟ್‌ಗಳಲ್ಲಿ ಮತ್ತೆ ಉಪ್ಪೇ ಇರುತ್ತದೆ. ಆಗ ತಾನೇ ಕುಟ್ಟಿದ ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಬಣ್ಣಕ್ಕೆ ಬ್ಯಾಡಗಿ ಮೆಣಸಿನಪುಡಿ, ಒಂದು ಎಸಳು ಕರಿಬೇವು. ಆದರೆ ಹುಳಿ ಮಾತ್ರ ಮರೆಯಬೇಡಿ. ಕೊಬ್ಬು ಇರುವ ಅಡುಗೆಗೆ ಹುಳಿ ಬೀಳದಿದ್ದರೆ ನಾಲ್ಕು ತುತ್ತಿಗೆ ಬಾಯಿ ಕಟ್ಟುತ್ತದೆ. ಚಿಕನ್ ಆದರೆ ಒಲೆ ಆರಿಸಿದ ಮೇಲೆ ನಿಂಬೆರಸ. ಪೋರ್ಕ್ ಆದರೆ ಕೊಡಗಿನ ಕಾಚಂಪುಳಿಗೆ ಸಮ ಬೇರೊಂದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಗಟ್ಟಿಯಾಗಿಸಿದ ಹುಳಿ ಅದು, ಕೊಡಗಿನ ಹಂದಿ ಮಾಂಸದ ಸಾರು ಪಂದಿ ಕರಿಗೆ ಕೊನೆಯಲ್ಲಿ ಬೀಳುವಂಥದು. ಇಲ್ಲಿ ಅರ್ಧ ಟೀ ಚಮಚ ಸಾಕು, ಜಾಸ್ತಿಯಾದರೆ ಮಿಕ್ಕ ರುಚಿಯನ್ನೆಲ್ಲ ನುಂಗಿಬಿಡುತ್ತದೆ.

ಕಾರವಾರದ ಕಡೆಯವರಿಗೆ ಗೋವಾದ ಪೋರ್ಕ್ ಸಾಸೇಜ್ ಚೊರಿಸ್ ಹೊಸದಲ್ಲ. ಅದರಲ್ಲಿ ವಿನೆಗರ್, ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಎಲ್ಲ ಗಡದ್ದಾಗಿ ಇರುತ್ತದೆ, ಕೊಬ್ಬೂ ಹೇರಳ. ಅದಕ್ಕೆ ಎಣ್ಣೆ, ಉಪ್ಪು, ಹುಳಿ ಯಾವುದೂ ಬೇಡ. ಮೇಲಿನ ಪೊರೆ ಬಿಡಿಸಿ, ಸ್ವಲ್ಪ ನೀರು ಹಾಕಿ ಬೇಯಲು ಬಿಟ್ಟು, ಕೆಂಪು ಕೊಬ್ಬು ತೇಲಿದ ಮೇಲೆ ಈರುಳ್ಳಿ, ಆಲೂಗಡ್ಡೆ ಧಾರಾಳವಾಗಿ ಹಾಕಿ ಮುಚ್ಚಿ ಬೇಯಿಸಿ. ಪಾವ್ ಜೊತೆ ತಿನ್ನಿ. ಮಿಕ್ಕ ಸಾಸೇಜ್ ಊಟಕ್ಕೆ ಚಪಾತಿ, ಬ್ರೆಡ್, ಬಿಸಿ ಅನ್ನ ಯಾವುದಾದರೂ ಸರಿ. ಅನ್ನ ಆದರೆ ಪಕ್ಕಕ್ಕೆ ಒಂದು ತಿಳಿಸಾರು ಇರಲಿ.

ಮನೆಯಲ್ಲಿ ಮಾಂಸ ತಿನ್ನದವರು ಒಬ್ಬರಿದ್ದರೆ ಅದೇ ಬಾಣಲೆಯ ಒಂದು ಮೂಲೆಯಲ್ಲಿ ಅವರಿಗೂ ಮಾಡುತ್ತೇನೆ ಅನ್ನಬೇಡಿ. ಕೊಬ್ಬು ಹರಿಯದೆ ಇರುವುದಿಲ್ಲ, ಅವರ ಮನಸ್ಸಿಗೂ ಸರಿ ಬರುವುದಿಲ್ಲ. ಬೇರೆ ಬಾಣಲೆಯಲ್ಲಿ ಮೊದಲು ಅವರದ್ದು ಮಾಡಿ, ಪನೀರ್ ಅಥವಾ ಅಣಬೆ ಹಾಕಿ, ಬೇರೆ ಸೌಟು ಇಡಿ. ಪುಟ್ಟ ಮಕ್ಕಳಿದ್ದರೆ ಇನ್ನೊಂದು ಎಚ್ಚರ ತಪ್ಪದೇ ಬೇಕು. ಸಾಸೇಜ್ ಅನ್ನು ಗುಂಡಗೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಕೊಡಬೇಡಿ. ಆ ಬಿಲ್ಲೆ ಮಗುವಿನ ಉಸಿರ್ನಾಳಕ್ಕೆ ಬಿರಡೆಯಂತೆ ಕೂತುಬಿಡಬಹುದು. ಐದು ವರ್ಷದ ಒಳಗಿನವರಿಗೆ ಉದ್ದಕ್ಕೆ ನಾಲ್ಕು ಸೀಳಿ, ಆಮೇಲೆ ಸಣ್ಣಗೆ ಹೆಚ್ಚಿ, ಎದುರಿಗೆ ಕೂತು ತಿನ್ನಿಸಿ. ಪೊರೆ ಗಟ್ಟಿ ಇದ್ದರೆ ಸುಲಿದುಬಿಡಿ.

ರುಚಿ ಅಂತ ದಿನಾ ಮಾಡುವ ಅಡುಗೆ ಇದಲ್ಲ. 2015ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾಸೇಜ್, ಬೇಕನ್ ತರದ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ದಿನವೂ 50 ಗ್ರಾಂ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ. 18ರಷ್ಟು ಹೆಚ್ಚು ಅಂತ ಲೆಕ್ಕ ಕೊಟ್ಟಿತು. ತಿಂಗಳಿಗೆ ಒಂದೆರಡು ಸಲ, ಅದೂ ತರಕಾರಿ ಮೇಲುಗೈ ಇರುವ ಹಾಗೆ ಮಾಡಿ. ಬಿಪಿ ಇರುವ ಹಿರಿಯರ ತಟ್ಟೆಗೆ ತರಕಾರಿ ಜಾಸ್ತಿ, ಸಾಸೇಜ್ ಎರಡೇ ಹೋಳು ಬಡಿಸಿ. ಅವರಿಗೆ ಉಪ್ಪಿನಕಾಯಿ, ಹಪ್ಪಳ ಆ ಹೊತ್ತಿಗೆ ಬೇಡ.

ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ದಿನದೊಳಗೆ ಮುಗಿಸಿ. ಕಬ್ಬಿಣದ ಬಾಣಲೆಯಲ್ಲೇ ಬಿಟ್ಟು ಮಲಗಬೇಡಿ, ಹುಳಿ ಬಿದ್ದಿರುವುದರಿಂದ ರುಚಿ ಕೆಟ್ಟು ಬಾಣಲೆಯೂ ಹಾಳಾಗುತ್ತದೆ. ಮಾರನೆಯ ದಿನ ಸಣ್ಣಗೆ ಹೆಚ್ಚಿ, ಹಬೆಯಾಡುವಷ್ಟು ಬಿಸಿ ಮಾಡಿ, ಎರಡು ಮೊಟ್ಟೆ ಒಡೆದು ಹಾಕಿದರೆ ಚಪಾತಿಯೊಳಗೆ ಸುತ್ತಿ ಡಬ್ಬಿಗೆ ಕಟ್ಟಬಹುದು.