ಬೀಸುವ ಗಾಳಿ ವಿದ್ಯುತ್ ಆಗುವುದು ಹೇಗೆ?

ಗಾಳಿಯಂತ್ರದ ರೆಕ್ಕೆ ತಿರುಗುತ್ತಿದೆ ಎಂದ ಮಾತ್ರಕ್ಕೆ ಅದು ವಿದ್ಯುತ್ ಕೊಡುತ್ತಿದೆ ಎಂದುಕೊಳ್ಳಬೇಡಿ. ನಿಮಿಷಕ್ಕೆ ಒಂದೆರಡು ಸುತ್ತು ಸೋಮಾರಿಯಂತೆ ಹೊರಳುತ್ತಿದ್ದರೆ ಜನರೇಟರ್‌ಗೂ ವಿದ್ಯುತ್ ಜಾಲವಾದ ಗ್ರಿಡ್‌ಗೂ ಇನ್ನೂ ನಂಟೇ ಬೆಳೆದಿಲ್ಲ. ಗಾಳಿ ಸಾಲದೆ ಯಂತ್ರ ಸುಮ್ಮನೆ ಕಾಯುತ್ತಿದೆ. ಅಲ್ಲಿಂದ ತಂತಿಗೆ ವಿದ್ಯುತ್ ಹರಿಯುವವರೆಗೆ ಏನೇನು ನಡೆಯುತ್ತದೆ? 50 ಮೀಟರ್ ಉದ್ದದ ಮೂರು ರೆಕ್ಕೆಗಳಿರುವ, 2 ಮೆಗಾವಾಟ್ ಸಾಮರ್ಥ್ಯದ ಯಂತ್ರವೊಂದನ್ನು ಎದುರಿಗಿಟ್ಟುಕೊಂಡು ನೋಡೋಣ.

ಮೊದಲು ಗಾಳಿಯ ಲೆಕ್ಕ

ರೆಕ್ಕೆಗಳು ಬಳಸುವ ವೃತ್ತದ ವಿಸ್ತೀರ್ಣ ಸುಮಾರು 7,850 ಚದರ ಮೀಟರ್. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.225 ಕಿಲೋ ತೂಗುತ್ತದೆ. ಗಾಳಿಯ ಸಾಂದ್ರತೆ, ವೃತ್ತದ ವಿಸ್ತೀರ್ಣ, ವೇಗದ ಘನ, ಈ ಮೂರನ್ನು ಗುಣಿಸಿ ಅರ್ಧ ಮಾಡಿದರೆ ಗಾಳಿ ಹೊತ್ತು ತರುವ ಶಕ್ತಿ ಸಿಗುತ್ತದೆ. ಸೆಕೆಂಡಿಗೆ 4 ಮೀಟರ್ ಗಾಳಿಯಲ್ಲಿ ಅದು 308 ಕಿಲೋವಾಟ್. 8 ಮೀಟರ್‌ಗೆ ಏರಿದರೆ 2,460. ವೇಗ ದುಪ್ಪಟ್ಟಾದರೆ ಶಕ್ತಿ ಎಂಟು ಪಟ್ಟು. ಜಾಗ ಹುಡುಕುವವರು ಅರ್ಧ ಮೀಟರಿಗೂ ಜಗ್ಗಾಡುವುದು ಇದಕ್ಕೇ: 6.5 ಮತ್ತು 7 ಮೀಟರ್ ನಡುವೆ ಶಕ್ತಿಯಲ್ಲಿ ಶೇ 25ರಷ್ಟು ಅಂತರವಿದೆ.

ಅಷ್ಟನ್ನೂ ಕಿತ್ತುಕೊಳ್ಳಲು ಆಗದು. ಪೂರ್ತಿ ಶಕ್ತಿ ತೆಗೆದರೆ ಗಾಳಿ ರೆಕ್ಕೆಯ ಹಿಂದೆಯೇ ನಿಂತುಬಿಡುತ್ತದೆ, ಹೊಸ ಗಾಳಿಗೆ ದಾರಿ ಇರುವುದಿಲ್ಲ. ಜರ್ಮನಿಯ ಆಲ್ಬರ್ಟ್ ಬೆಟ್ಜ್ 1920ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಮೇಲ್ಮಿತಿ 27ರಲ್ಲಿ 16 ಪಾಲು, ಅಂದರೆ ಶೇ 59.3. ಒಳ್ಳೆಯ ಯಂತ್ರಗಳ ಕೈಗೆ ಶೇ 40ರಿಂದ 45 ದಕ್ಕುತ್ತದೆ. 8 ಮೀಟರ್ ಗಾಳಿಗೆ ನಮ್ಮ ಯಂತ್ರ ಸುಮಾರು 1,000 ಕಿಲೋವಾಟ್ ಕೊಟ್ಟರೆ ಅದು ತನ್ನ ಕೆಲಸ ಮಾಡಿದೆ ಎಂದೇ ಅರ್ಥ.

ಯಂತ್ರ ಏಳುವ ಹೊತ್ತು

ಕಂಬದ ತುದಿಯಲ್ಲಿ ಕೂತಿರುವ, ನಸೆಲ್ ಎಂದು ಕರೆಯುವ ಪೆಟ್ಟಿಗೆಯ ಹಿಂಬದಿಯಲ್ಲಿ ಗಾಳಿಯ ವೇಗ ಅಳೆಯುವ, ದಿಕ್ಕು ತೋರುವ ಎರಡು ಸಣ್ಣ ಉಪಕರಣಗಳಿರುತ್ತವೆ. ಕೆಲವು ನಿಮಿಷಗಳ ಸರಾಸರಿ ವೇಗ ಸೆಕೆಂಡಿಗೆ 3ರಿಂದ 4 ಮೀಟರ್ ದಾಟಿದೊಡನೆ ನಿಯಂತ್ರಕ ಎಚ್ಚರಗೊಳ್ಳುತ್ತದೆ. ನಸೆಲ್ ತಿರುಗಿಸಲೆಂದೇ ಇರುವ ‘ಯಾ’ (yaw) ಮೋಟಾರುಗಳು ಅದು ಕೂತಿರುವ ದೊಡ್ಡ ಹಲ್ಲುಚಕ್ರವನ್ನು ಕಚ್ಚಿ ಇಡೀ ತಲೆಯನ್ನು ಗಾಳಿಗೆ ಎದುರಾಗಿ ತಿರುಗಿಸುತ್ತವೆ. ಆವರೆಗೆ 90 ಡಿಗ್ರಿಯಲ್ಲಿ, ಅಂಚನ್ನಷ್ಟೇ ಗಾಳಿಗೆ ಒಡ್ಡಿಕೊಂಡಿದ್ದ ರೆಕ್ಕೆಗಳು ಬುಡದಲ್ಲಿ ಮೆಲ್ಲಗೆ ಹೊರಳಿ ಸೊನ್ನೆ ಡಿಗ್ರಿಯ ಕಡೆ ಬರುತ್ತವೆ. ಇದೇ ಪಿಚ್. ಮೂರು ರೆಕ್ಕೆಗೂ ಒಂದೊಂದು ಪ್ರತ್ಯೇಕ ಪಿಚ್ ವ್ಯವಸ್ಥೆ ಇದೆ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗಾಳಿ ರೆಕ್ಕೆಯನ್ನು ದಬ್ಬಿ ತಿರುಗಿಸುತ್ತದೆ ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ವಿಮಾನದ ರೆಕ್ಕೆಯನ್ನು ಎತ್ತುವ ಬಲವೇ ಇಲ್ಲಿ ಸುತ್ತಿಸುವುದೂ ಹೌದು. ನಿಮಿಷಕ್ಕೆ 15 ಸುತ್ತಿನಲ್ಲಿ ರೆಕ್ಕೆಯ ತುದಿ ಸೆಕೆಂಡಿಗೆ 78 ಮೀಟರ್, ಅಂದರೆ ಗಂಟೆಗೆ 280 ಕಿಲೋಮೀಟರ್ ಓಡುತ್ತದೆ. ಆ ವೇಗದಲ್ಲಿ ಓಡುವ ತುದಿಗೆ ಎದುರಿನಿಂದ ಬರುವ 8 ಮೀಟರ್ ಗಾಳಿ ಮುಖಕ್ಕೇ ಬಡಿದಂತೆ, ಬರೀ 6 ಡಿಗ್ರಿ ಓರೆಯಾಗಿ ತಾಗುತ್ತದೆ. ನಡುಗುಂಬದಿಂದ 10 ಮೀಟರ್ ದೂರದಲ್ಲಾದರೋ ರೆಕ್ಕೆಯ ಓಟ ಸೆಕೆಂಡಿಗೆ 16 ಮೀಟರ್ ಇರುವುದರಿಂದ ಓರೆ 27 ಡಿಗ್ರಿ. ಇಡೀ ರೆಕ್ಕೆಗೆ ಗಾಳಿ ಸರಿಯಾದ ಕೋನದಲ್ಲಿ ಸಿಗಲೆಂದೇ ಅದನ್ನು ಬುಡದಿಂದ ತುದಿಗೆ ತಿರುಚಿ ಅಚ್ಚು ಹಾಕಿರುತ್ತಾರೆ.

ಗೇರ್‌ಬಾಕ್ಸ್ ದಾಟಿ ಜನರೇಟರ್‌ಗೆ

2 ಮೆಗಾವಾಟ್ ಶಕ್ತಿ ನಿಮಿಷಕ್ಕೆ 15 ಸುತ್ತಿನಲ್ಲಿ ಬರಬೇಕೆಂದರೆ ಮುಖ್ಯ ಶಾಫ್ಟ್ ಮೇಲೆ ಬೀಳುವ ತಿರುಚುಬಲ ಸುಮಾರು 12.7 ಲಕ್ಷ ನ್ಯೂಟನ್-ಮೀಟರ್. ಗೇರ್‌ಬಾಕ್ಸ್ ವೇಗವನ್ನು ನೂರು ಪಟ್ಟು ಏರಿಸಿ, ತಿರುಚುಬಲವನ್ನು ನೂರನೇ ಒಂದು ಪಾಲಿಗೆ ಇಳಿಸಿ 1,500 ಸುತ್ತು ಮಾಡಿಕೊಡುತ್ತದೆ. ಒಳಗೆ ನೂರಾರು ಲೀಟರ್ ಎಣ್ಣೆ ಸೋಸುತ್ತ, ತಣಿಯುತ್ತ ಸುತ್ತುತ್ತಿರುತ್ತದೆ. ಗಾಳಿ ಒಂದೇ ಸಮ ಬೀಸದೆ ಗುದ್ದುಗುದ್ದಾಗಿ ಬರುವುದರಿಂದ ಇಲ್ಲಿನ ಬೇರಿಂಗ್‌ಗಳೇ ಹೆಚ್ಚು ಏಟು ತಿನ್ನುವುದು. ಎಣ್ಣೆಯಲ್ಲಿ ಕಬ್ಬಿಣದ ಪುಡಿ ಕಂಡರೆ ಹಲ್ಲೋ ಬೇರಿಂಗೋ ಸವೆಯತೊಡಗಿದೆ ಎಂದೇ ಲೆಕ್ಕ. ಸದ್ದು ಕೇಳಿಸುವವರೆಗೆ ಕಾದರೆ ಕ್ರೇನ್ ತರಿಸಬೇಕಾಗುತ್ತದೆ. ಈ ರಗಳೆಯೇ ಬೇಡವೆಂದು ಗೇರ್‌ಬಾಕ್ಸ್ ಬಿಟ್ಟು, ಹತ್ತಾರು ಕಾಂತಧ್ರುವಗಳ ಅಗಲವಾದ ಜನರೇಟರನ್ನು ನೇರ ರೋಟರ್‌ಗೇ, ಅಂದರೆ ತಿರುಗುವ ರೆಕ್ಕೆಚಕ್ರಕ್ಕೇ ಜೋಡಿಸುವ ಯಂತ್ರಗಳೂ ಇವೆ. ಅವುಗಳ ಜನರೇಟರ್ ಭಾರ, ದುಬಾರಿ.

ಜನರೇಟರ್‌ನ ಮೂಲತತ್ವ 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದೇ: ತಂತಿಸುರುಳಿಯ ಪಕ್ಕದಲ್ಲಿ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ನಿಜವಾದ ಜಾಣ್ಮೆ ಇರುವುದು ಆವರ್ತನವನ್ನು, ಅಂದರೆ ವಿದ್ಯುತ್ತಿನ ಅಲೆ ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುತ್ತದೆ ಎಂಬುದನ್ನು ಹಿಡಿದಿಡುವುದರಲ್ಲಿ. ಗ್ರಿಡ್ 50 ಹರ್ಟ್ಸ್‌ನಲ್ಲಿದ್ದರೆ 4 ಧ್ರುವದ ಜನರೇಟರ್ ಸರಿಯಾಗಿ 1,500 ಸುತ್ತು ತಿರುಗಬೇಕು. ಗಾಳಿ ಹಾಗೆ ಹೇಳಿದಂತೆ ಕೇಳುತ್ತದೆಯೇ? ಸುತ್ತು 1,350ಕ್ಕೆ ಇಳಿದರೆ ಹುಟ್ಟುವುದು 45 ಹರ್ಟ್ಸ್. ಆಗ ಬೇಕಾದ ಆವರ್ತನದ ವಿದ್ಯುತ್ ಮಾಡಿಕೊಡುವ ಕನ್ವರ್ಟರ್, ಜನರೇಟರ್‌ನೊಳಗೆ ತಿರುಗುವ ಸುರುಳಿಗೆ 5 ಹರ್ಟ್ಸ್ ವಿದ್ಯುತ್ ಹರಿಸಿ ಕೊರತೆ ತುಂಬುತ್ತದೆ. 1,650ಕ್ಕೆ ಏರಿದರೆ ಅದೇ 5 ಹರ್ಟ್ಸನ್ನು ತಿರುಗುಮುರುಗಾಗಿ ಕೊಟ್ಟು 55ನ್ನು 50ಕ್ಕೆ ತರುತ್ತದೆ. ಈ ವಿಧಾನದಲ್ಲಿ ಕನ್ವರ್ಟರ್ ಮೂಲಕ ಹಾಯುವುದು ಒಟ್ಟು ಶಕ್ತಿಯ ಸುಮಾರು ಶೇ 30 ಮಾತ್ರ, ಹಾಗಾಗಿ ಅಗ್ಗ. ಬದಲಿಗೆ ತಿರುಗುವ ಸುರುಳಿಗೆ ವಿದ್ಯುತ್ ದಾಟಿಸುವ ಕಾರ್ಬನ್ ಬ್ರಷ್‌ಗಳನ್ನು ಸಾಕಬೇಕು. ಅವು ಸವೆದು ಉದುರಿಸುವ ಕಪ್ಪು ಪುಡಿಯನ್ನು ಕಾಲಕಾಲಕ್ಕೆ ತೆಗೆಯದಿದ್ದರೆ ಅದೇ ವಿದ್ಯುತ್ತಿಗೆ ಅಡ್ಡದಾರಿಯಾಗಿ ಕಿಡಿ ಹಾರುತ್ತದೆ.

ವೋಲ್ಟೇಜ್, ಆವರ್ತನ, ಅಲೆಯ ಏರಿಳಿತದ ಹೊತ್ತು ಮೂರೂ ಗ್ರಿಡ್‌ಗೆ ಹೊಂದಿದ ಮೇಲೆಯೇ ಸ್ವಿಚ್ ಮುಚ್ಚುತ್ತದೆ. ಜನರೇಟರ್‌ನಿಂದ ಹೊರಡುವುದು ಸಾಮಾನ್ಯವಾಗಿ 690 ವೋಲ್ಟ್. 2 ಮೆಗಾವಾಟ್‌ಗೆ ಮೂರು ಫೇಸ್‌ಗಳಲ್ಲಿ ತಲಾ ಸುಮಾರು 1,670 ಆಂಪಿಯರ್ ಹರಿಯಬೇಕು. ಟ್ರಾನ್ಸ್‌ಫಾರ್ಮರ್ ಅದನ್ನು 33,000 ವೋಲ್ಟ್‌ಗೆ ಏರಿಸಿದರೆ 35 ಆಂಪಿಯರ್ ಸಾಕು, ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಪಾಲು ತುಂಬಾ ಇಳಿಯುತ್ತದೆ.

ಗಾಳಿ ಹೆಚ್ಚಾದರೆ

ಸೆಕೆಂಡಿಗೆ 11 ಮೀಟರ್ ಹೊತ್ತಿಗೆ ನಮ್ಮ ಯಂತ್ರ ಪೂರ್ತಿ 2,000 ಕಿಲೋವಾಟ್ ತಲುಪಿರುತ್ತದೆ. 12 ಮೀಟರ್ ಗಾಳಿ 8,300 ಕಿಲೋವಾಟ್ ಹೊತ್ತು ತಂದರೂ ಅದು ತೆಗೆದುಕೊಳ್ಳುವುದು ಅಷ್ಟೇ. ರೆಕ್ಕೆಗಳು ಕೆಲವು ಡಿಗ್ರಿ ಹೊರಳಿ ಉಳಿದದ್ದನ್ನು ಬಿಟ್ಟುಬಿಡುತ್ತವೆ. 25 ಮೀಟರ್ ಸರಾಸರಿ ದಾಟಿದರೆ ಮತ್ತೆ 90 ಡಿಗ್ರಿಗೆ ಹೋಗಿ ಯಂತ್ರ ನಿಲ್ಲುತ್ತದೆ.

ಅದಕ್ಕಿಂತ ಅಪಾಯದ ಗಳಿಗೆ ಬೇರೆ ಇದೆ: ಜೋರು ಗಾಳಿಯಲ್ಲಿ ಗ್ರಿಡ್ ಕೈಕೊಡುವುದು. ಜನರೇಟರ್ ಒಡ್ಡುತ್ತಿದ್ದ ತಡೆ ಒಮ್ಮೆಲೇ ಮಾಯವಾಗಿ ರೋಟರ್ ಕೆಲವೇ ಸೆಕೆಂಡುಗಳಲ್ಲಿ ಮಿತಿ ಮೀರಿ ಓಡತೊಡಗುತ್ತದೆ. ಡಿಸ್ಕ್ ಬ್ರೇಕೊಂದೇ ಅದನ್ನು ಹಿಡಿಯುತ್ತದೆ ಎಂದು ನಂಬುವಂತಿಲ್ಲ. ಹೆಚ್ಚಿನ ಯಂತ್ರಗಳಲ್ಲಿ ಅದರ ಮುಖ್ಯ ಕೆಲಸ ನಿಂತ ರೋಟರನ್ನು ಹಿಡಿದಿಡುವುದು. ಕಾಪಾಡುವುದು ಪಿಚ್ ವ್ಯವಸ್ಥೆ. ವಿದ್ಯುತ್ತಿಲ್ಲದಾಗಲೂ ರೆಕ್ಕೆ ಹೊರಳಿಸಲು ಅದಕ್ಕೆ ಬ್ಯಾಟರಿಯೋ ಕೆಪಾಸಿಟರೋ ಹೈಡ್ರಾಲಿಕ್ ಒತ್ತಡದ ಟ್ಯಾಂಕೋ ಇರುತ್ತದೆ. ಮೂರು ರೆಕ್ಕೆಗಳ ಪಿಚ್ ವ್ಯವಸ್ಥೆಗಳಲ್ಲಿ ಒಂದು ಕೆಟ್ಟರೂ ಮಿಕ್ಕ ರೆಕ್ಕೆಗಳು ಯಂತ್ರವನ್ನು ತಹಬಂದಿಗೆ ತರಬಲ್ಲವು. ಮೂರರ ಬ್ಯಾಟರಿಯೂ ಸತ್ತಿದ್ದರೆ ತಡೆಯುವವರಿಲ್ಲ. ಈ ಬ್ಯಾಟರಿಗಳನ್ನು ಪರೀಕ್ಷಿಸುವ ವೇಳಾಪಟ್ಟಿಯಲ್ಲಿ ರಿಯಾಯಿತಿ ತೋರಬಾರದು.

ಗಲಾಟೆಯಿಲ್ಲದೆ ತಿನ್ನುವ ದೋಷಗಳು ಬೇರೆಯೇ. ದಿಕ್ಕು ತೋರುವ ಉಪಕರಣ 10 ಡಿಗ್ರಿ ಓರೆಯಾಗಿ ಕೂತಿದ್ದರೆ ಶೇ 3ರಿಂದ 4ರಷ್ಟು ಉತ್ಪಾದನೆ ಖೋತಾ. ಯಂತ್ರಕ್ಕೆ ತಾನು ನೇರ ನಿಂತಿದ್ದೇನೆ ಎಂಬ ಭ್ರಮೆ ಇರುವುದರಿಂದ ಯಾವ ಎಚ್ಚರಿಕೆಯೂ ಮೊಳಗುವುದಿಲ್ಲ. ಮಳೆಹನಿ, ಮರಳು ಉಜ್ಜಿ ರೆಕ್ಕೆಯ ಮುಂಚೂಣಿ ಅಂಚು ಒರಟಾದರೂ ಹೀಗೆಯೇ, ಎತ್ತುವ ಬಲ ಸದ್ದಿಲ್ಲದೆ ಕುಗ್ಗುತ್ತದೆ. ತುದಿಯ ಕಡೆಯೇ ಸವೆತ ಹೆಚ್ಚು, ಓಟ ಅಲ್ಲಿ ಜೋರು.

ಇನ್ನೊಂದಿದೆ. ಗಾಳಿಯ ಹಿಂದೆ ತಲೆ ತಿರುಗಿಸುತ್ತ ಹೋದರೆ ಕಂಬದೊಳಗೆ ಇಳಿಬಿದ್ದ ಕೇಬಲ್‌ಗಳು ಹಗ್ಗದಂತೆ ಹೊಸೆದುಕೊಳ್ಳುತ್ತವೆ. ಅದಕ್ಕೇ ನಿಯಂತ್ರಕ ಸುತ್ತು ಎಣಿಸುತ್ತಿರುತ್ತದೆ. ಒಂದೇ ದಿಕ್ಕಿಗೆ ಎರಡು ಮೂರು ಸುತ್ತು ಮೀರಿದರೆ ಉತ್ಪಾದನೆ ನಿಲ್ಲಿಸಿ, ತಲೆಯನ್ನು ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿ ಕೇಬಲ್ ಬಿಡಿಸಿಕೊಳ್ಳುತ್ತದೆ. ಒಳ್ಳೆಯ ಗಾಳಿ ಬೀಸುವಾಗ ಒಂದು ಯಂತ್ರ ಮಾತ್ರ ರೆಕ್ಕೆ ನಿಲ್ಲಿಸಿ ಮೆಲ್ಲಗೆ ಕತ್ತು ತಿರುಗಿಸುತ್ತಿರುವುದು ಕಂಡರೆ ಕೆಟ್ಟಿದೆ ಎನ್ನುವ ಮುಂಚೆ ಸ್ವಲ್ಪ ಹೊತ್ತು ನೋಡಿ.